ಭಾನುವಾರದ ಪಿಚರ್

ಏಪ್ರಿಲ್ 13, 2025, ಭಾನುವಾರ

ಬೆಳಿಗ್ಗೆ ಹೇಝಲ್‌ಳನ್ನು ಮಂಗಳೂರಿನ ವಿಮಾನ ಹತ್ತಿಸಿ, ಅಲ್ಲಿಂದ ನೇರ ಬೌಷರ್‌ಗೆ ಆಫೀಸಿಗೆ ಹೋಗಿ, ಈಗ ಮನೆಗೆ ಬಂದು ಕೂತಿದ್ದೇನೆ. ಲಿಫ್ಟ್ ಕಂಪೆನಿಯ ಒಮಾನಿನ ಈ ಆಫೀಸಿನಲ್ಲಿ ನಾವಿಬ್ಬರೂ ಹದಿನೆಂಟು ವರ್ಷ ಎದುರುಬದುರು ಕೂತವರು. ಅವಳು ಪರ್ಚೇಸ್, ನಾನು ಸಿಬ್ಬಂದಿಯ ರಜೆ, ವೀಸಾ, ಆಸ್ಪತ್ರೆಯ ಇನ್ಶೂರೆನ್ಸ್. ಇವತ್ತು ಆ ಖಾಲಿ ಕುರ್ಚಿಯನ್ನು ನೋಡಿ ನೋಡಿ ಸಾಕಾಗಿ ಅದರ ಮೇಲೆ ಫೈಲುಗಳನ್ನು ಪೇರಿಸಿಟ್ಟೆ.

ಫೆಬ್ರವರಿಯಲ್ಲಿ ಹೊಟ್ಟೆನೋವೆಂದು ಶುರುವಾದದ್ದು. ಏನೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ಕೂತುಬಿಡುತ್ತದೆ. ಮದುವೆಯಾಗದವಳು, ಊರಿನಲ್ಲಿ ತಮ್ಮ ಮತ್ತು ಅವನ ಹೆಂಡತಿ ಇದ್ದಾರೆ, ಅಲ್ಲಿದ್ದುಕೊಂಡು ಮದ್ದು ಮಾಡಿಸಿಕೊಂಡು ಬರುತ್ತಾಳೆ. ಬರುತ್ತಾಳೆ, ಅಷ್ಟೇ.

ಏರ್‌ಪೋರ್ಟಿನಲ್ಲಿ ಅವಳಿಗಿದ್ದ ಚಿಂತೆ ನೋಡಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನನ್ನ ಟೀಮ್ ನೋಡಿಕೊಳ್ಳುದು ನೀನು," ಎಂದಳು.

"ನನ್ನದನ್ನೇ ನೋಡಿಕೊಳ್ಳಲಿಕ್ಕೆ ಗೊತ್ತಿಲ್ಲ ಮಾರಾಯ್ತಿ."

"ಮದ್ದು ಕೊಡುವ ವಾರ ಮಾತ್ರ. ಉಳಿದ ವಾರ ನಾನೇ ಆಡ್ತೇನೆ. ಮತ್ತೆ ಪ್ರತಿ ಶನಿವಾರ ಎಂಟೂ ಟೀಮಿನ ಬಲಾಬಲ ಬರೆದು ಕಳಿಸಬೇಕು. ಇದ್ದದ್ದು ಇದ್ದ ಹಾಗೆ. ಚಂದ ಮಾಡ್ಲಿಕ್ಕೆ ಹೋಗ್ಬೇಡ."

ಈ ಬೇಸ್‌ಬಾಲ್ ಲೀಗ್ ಹಿಂದೆ ಇದ್ದ ಅಮೆರಿಕದ ಮ್ಯಾನೇಜರ್ ಆಫೀಸಿಗೆ ಅಂಟಿಸಿಹೋದ ಜಾಡ್ಯ. ಅಲ್ಲಿ ನಿಜವಾಗಿ ಆಡುವವರ ಪೈಕಿ ನಮಗೆ ಬೇಕಾದವರನ್ನು ಆರಿಸಿ ನಾವು ಇಲ್ಲಿ ಫೋನಿನೊಳಗೆ ಒಂದೊಂದು ತಂಡ ಕಟ್ಟುವುದು. ಅವರು ಅಲ್ಲಿ ಹೊಡೆದದ್ದು, ಎಸೆದದ್ದು, ಓಡಿದ್ದು ಎಲ್ಲ ಇಲ್ಲಿ ನಮ್ಮ ಪಾಲಿಗೆ. ಪ್ರತಿ ವಾರ ಒಬ್ಬರ ತಂಡಕ್ಕೆ ಇನ್ನೊಬ್ಬರದು ಎದುರು, ಹತ್ತು ವಿಷಯಗಳಲ್ಲಿ ಯಾರು ಹೆಚ್ಚು ವಿಷಯಗಳಲ್ಲಿ ಮುಂದೋ ಅವರು ಗೆದ್ದರು. ಹೇಝಲ್ ಮೂರು ಸಲ ಚಾಂಪಿಯನ್. ನಾನು ಇಷ್ಟು ವರ್ಷ ನಗುತ್ತಿದ್ದವಳು; ಈ ಸಲ ಒಬ್ಬ ವರ್ಗವಾಗಿ ಹೋದನೆಂದು ಎಂಟನೆಯವಳಾಗಿ ನನ್ನನ್ನು ಎಳೆದು ಹಾಕಿದರು.

ಒಳಗೆ ಹೋಗುವಾಗ ತಿರುಗಿ ಕೈಬೀಸಿದಳು. ಕಾಲಲ್ಲಿ ಆಫೀಸಿನ ನೀಲಿ ಶೂ. ಊರಿಗೆ ಹೋಗುವಾಗಲೂ ಅದೇ.

ಏಪ್ರಿಲ್ 21, ಸೋಮವಾರ

ಮಂಡೆ ಇಲ್ಲ ನನಗೆ, ಮಂಡೆ ಇಲ್ಲ. ನಿನ್ನೆ ಭಾನುವಾರ ಆಫೀಸಿಗೆ ಹೋದವಳು ಈ ಡೈರಿಯ ಹೊಸ ಪುಟ ತೆರೆದೆ. ಕಂಪೆನಿಯ ಡೈರಿ, ವಾರ ಶುರುವಾಗುವುದೇ ಭಾನುವಾರದಿಂದ. ಒಮಾನಿನಲ್ಲಿ ಎಲ್ಲರ ವಾರವೂ ಹಾಗೇ. ಹೊಸ ವಾರ ಬಂತಲ್ಲ ಎಂದು ಚೆನ್ನಾಗಿ ಆಡುತ್ತಿದ್ದ ಮೂವರು ಪಿಚರ್‌ಗಳನ್ನು ಬೆಂಚಿನ ಮೇಲೆ ಕೂರಿಸಿ ಬೇರೆ ಮೂವರನ್ನು ಹಾಕಿದೆ. ಪಿಚರ್ ಎಂದರೆ ಚೆಂಡು ಎಸೆಯುವವನು. ಆದರೆ ಲೀಗಿನ ವಾರ ಮುಗಿಯುವುದೇ ಭಾನುವಾರವಂತೆ! ಬೆಂಚಿನಲ್ಲಿ ಕೂತ ಮೂವರೂ ರಾತ್ರಿ ಅಲ್ಲಿ ಭರ್ಜರಿಯಾಗಿ ಎಸೆದಿದ್ದಾರೆ, ನನಗೆ ಒಂದು ಪಾಯಿಂಟೂ ಬರಲಿಲ್ಲ. ಸೋತದ್ದು ಸ್ಟೋರಿನ ಉಮರಬ್ಬನ ಎದುರು. ಉಮರಬ್ಬ ಇಲ್ಲಿಯತನಕ ಯಾರನ್ನೂ ಸೋಲಿಸಿದವನಲ್ಲ.

"ವಿನೋದಕ್ಕ, ನಿಮ್ಮ ಉಪಕಾರ ಜನ್ಮದಲ್ಲಿ ಮರೆಯುವುದಿಲ್ಲ," ಎಂದು ಎಲ್ಲರೆದುರು ಎರಡೂ ಕೈ ಮುಗಿದ, ಕಿಡಿಗೇಡಿ.

ಹೇಝಲ್‌ಗೆ ಫೋನಿನಲ್ಲಿ ಹೇಳಿದೆ. ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು. "ಗಲ್ಫಿನವರ ತಪ್ಪು ಅದು. ಮೊದಲ ವರ್ಷ ನಾನೂ ಮಾಡಿದ್ದೆ. ಇನ್ನು ಸಾಯುವವರೆಗೆ ಮಾಡ್ಲಿಕ್ಕಿಲ್ಲ ನೀನು."

ಮೇ 9, ಶುಕ್ರವಾರ

ಅಲ್ಲಿ ಆಟ ಮುಗಿಯುವ ಹೊತ್ತಿಗೆ ಇಲ್ಲಿ ಬೆಳಗಾಗುತ್ತದೆ. ಈಗೀಗ ಐದೂವರೆಗೆ ಎದ್ದು ಅಜೈಬಾದ ಕಡಲತೀರಕ್ಕೆ ನಡೆಯುತ್ತಾ ಫೋನಿನಲ್ಲಿ ಅಂಕಿ ನೋಡುವುದು ಅಭ್ಯಾಸವಾಗಿದೆ. ಇವತ್ತು ಕಡಲಿನ ಮೇಲೆ ಬಿಸಿ ಮಬ್ಬು, ನೀರೆಲ್ಲಿ ಆಕಾಶವೆಲ್ಲಿ ಗೊತ್ತಾಗಲಿಲ್ಲ. ದೂರದಲ್ಲಿ ನಾಲ್ಕೈದು ಮಂದಿ ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟವರು ಅಲ್ಲಲ್ಲಿ ನಿಂತಿದ್ದರು, ಒಬ್ಬರಿಗೊಬ್ಬರು ತುಂಬ ಅಂತರದಲ್ಲಿ, ಮಾತಿಲ್ಲದೆ. ಒಂದು ಕ್ಷಣ ನನಗೆ ಅವರು ನಮ್ಮ ತಂಡದವರೇ ಅನ್ನಿಸಿತು. ಯಾರೋ ಎಲ್ಲೋ ಹೊಡೆದ ಚೆಂಡು ಈ ಕಡಲು ದಾಟಿ ಬರಲೆಂದು ಕಾಯುತ್ತಿದ್ದಾರೆ, ಬರುವ ತನಕ ಕದಲುವುದಿಲ್ಲ. ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ, ಚಪ್ಪಲಿ ಒದ್ದೆಯಾಗಿತ್ತು.

ಆಟಗಾರರ ಹೆಸರು ನನ್ನ ಬಾಯಲ್ಲಿ ನಿಲ್ಲುವುದಿಲ್ಲ, ಅದಕ್ಕೆ ನಾನೇ ಹೆಸರಿಟ್ಟಿದ್ದೇನೆ. ನನ್ನ ಕೆಂಪು ಕೂದಲಿನ ಪಿಚರ್ ಕೆಮ್ಮೈರೆ. ಹೇಝಲ್‌ಳ ತಂಡದಲ್ಲಿ ಕ್ರಿಕೆಟಿನ ಸಿಕ್ಸರಿನ ಹಾಗೆ ಹೋಮ್ ರನ್ ಹೊಡೆಯುವ ಬಿಳಿಯ ದಾಂಡಿಗ ಬೊಳ್ಳೆ. ಇವು ಕೋಳಿಗಳ ಬಣ್ಣದ ಹೆಸರು. ಅಪ್ಪ ಕೋಳಿ ಅಂಕದ ಕಾಳಗಕ್ಕೆ ಹುಂಜ ಹಿಡಿದುಕೊಂಡು ಹೋಗುವ ಮೊದಲು ಕುಕ್ಕುಟ ಪಂಚಾಂಗ ತೆರೆದು, ಯಾವ ದಿನ ಯಾವ ಬಣ್ಣದ ಹುಂಜ ಯಾವುದನ್ನು ಗೆಲ್ಲುತ್ತದೆ ಎಂದು ಬೆರಳಿಟ್ಟು ನೋಡುತ್ತಿದ್ದರು. ನಾನು ಜಗಲಿಯಲ್ಲಿ ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಪಂಚಾಂಗದಲ್ಲಿ ಸೋಲು ಎಂದಿದ್ದರೆ ಅಪ್ಪ ಹುಂಜವನ್ನು ಮನೆಯಲ್ಲೇ ಬಿಡುತ್ತಿದ್ದರು. "ಪ್ರೀತಿ ಬೇರೆ, ಬಲ ಬೇರೆ," ಎನ್ನುತ್ತಿದ್ದರು.

ಶನಿವಾರದ ಬಲಾಬಲ ಬರೆಯಲು ಶುರು ಮಾಡಿದರೆ ಮೂರು ಪುಟ ಆಗುತ್ತದೆ. ಹೇಝಲ್‌ಗೆ ಎರಡು ಸಾಲು ಬರೆದರೆ ಸಿಟ್ಟು ಬರುತ್ತದೆ.

ಜೂನ್ 6, ಶುಕ್ರವಾರ

ಈದ್. ಉಮರಬ್ಬನ ಮನೆಯಿಂದ ಬಿರಿಯಾನಿ ಬಂತು. ಇವರು, ನನ್ನ ಯಜಮಾನರು, ಕೆಲಸದ ಊರು ಸೊಹಾರ್‌ನಿಂದ ರಜೆಗೆ ಬಂದಿದ್ದಾರೆ. ಊಟ ಮಾಡಿ ಕೂತು ಫೋನಿಗೆ ಇಣುಕಿ, "ಕ್ರಿಕೆಟ್ ಆದ್ರೂ ನೋಡ್ಬಾರ್ದಾ? ಇದರಲ್ಲಿ ಬ್ಯಾಟು ಹೊಡೆದು ಬಿಸಾಡಿ ಓಡ್ತಾರೆ," ಎಂದರು. ವಿವರಿಸಲು ಹೋದೆ. ಐದು ನಿಮಿಷದಲ್ಲಿ ಗೊರಕೆ.

ಮಧ್ಯಾಹ್ನ ನಾನೂ ಮಲಗಿದೆ. ಕನಸಿನಲ್ಲಿ ಅಮ್ಮ. ಹಾಸಿಗೆಯ ಮೇಲೆ ಕೂತು ನನ್ನನ್ನೇ ನೋಡುತ್ತಾ ಅದೇ ಪ್ರಶ್ನೆ ಕೇಳಿದಳು: "ನನಗೆ ಎಂತ ಆಗಿದೆ ವಿನೋದಾ?" ನಾನು ಅದೇ ಉತ್ತರ ಹೇಳಿದೆ: "ಗ್ಯಾಸ್ಟ್ರಿಕ್ ಅಮ್ಮ." ಹೊರಗೆ ಅಂಗಳದಲ್ಲಿ ಬಿಳಿ ಬಟ್ಟೆಯವರು ಚೆಂಡಿಗಾಗಿ ಕಾಯುತ್ತ ನಿಂತಿದ್ದರು.

ಆಗ ನನಗೆ ಇಪ್ಪತ್ತಾರು. ಡಾಕ್ಟರು ಹೇಳಿದ್ದು ಮನೆಯ ಎಲ್ಲರಿಗೂ ಗೊತ್ತು, ಅಮ್ಮನೊಬ್ಬಳನ್ನು ಬಿಟ್ಟು. ಅವಳಿಗೂ ಹೇಳಬಾರದೇ ಎಂದು ನಾನು ಕೇಳಿದ್ದಕ್ಕೆ ಮಾವ, "ಕೋಳಿಯನ್ನು ಕೇಳಿ ಮಸಾಲೆ ಅರೀತಾರಾ?" ಎಂದಿದ್ದರು. ಎಲ್ಲರೂ ನಕ್ಕಿದ್ದರು, ನಾನೂ. ಎಂಟು ವಾರ ಅಮ್ಮ ಗ್ಯಾಸ್ಟ್ರಿಕ್‌ನ ಬಿಳಿ ಔಷಧ ಕುಡಿದು ಹೋದಳು. ಒಂದು ಸಲವೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಇದನ್ನೆಲ್ಲ ಇವತ್ತು ಯಾಕೆ ಬರೆದೆನೋ. ಬಿರಿಯಾನಿ ಹೆಚ್ಚಾಯಿತು.

ಜುಲೈ 3, ಗುರುವಾರ

ಸೆಖೆ. ಕಿಟಕಿಯ ಗಾಜು ಹೊರಗಿನಿಂದ ಬೆವರುತ್ತದೆ. ಹೇಝಲ್‌ಗೆ ಮದ್ದು ಕೊಡುವ ವಾರ, ಎರಡೂ ತಂಡ ನನ್ನ ಕೈಯಲ್ಲಿ. ಎರಡೂ ಗೆದ್ದವು.

ಜುಲೈ 24, ಗುರುವಾರ

ಹೇಝಲ್‌ಳ ಸ್ಕ್ಯಾನ್ ರಿಪೋರ್ಟ್ ಬಂತು. ಇನ್ಶೂರೆನ್ಸಿಗೆ ಕಳಿಸಬೇಕಾದ್ದು ನಾನೇ, ಹಾಗಾಗಿ ಅವಳ ತಮ್ಮ ನನಗೆ ಕಳಿಸುತ್ತಾನೆ. ಓದಿದೆ. ಮತ್ತೊಮ್ಮೆ ಓದಿದೆ. ಮೂರು ತಿಂಗಳ ಮದ್ದಿನ ಮೇಲೂ ಅದು ಕಡಿಮೆಯಾಗಿಲ್ಲ. ಹೊಸದಾಗಿ ಎರಡು ಕಡೆ ಕಾಣಿಸಿಕೊಂಡಿದೆ. ಕೆಳಗೆ ಡಾಕ್ಟರ್ ಬರೆದಿದ್ದಾರೆ: ಇದಕ್ಕಿಂತ ಖಾರವಾದ ಇನ್ನೊಂದು ಮದ್ದು ಇದೆ, ಕಷ್ಟ ಹೆಚ್ಚು, ಫಲ ಸಿಗಬಹುದು ಸಿಗದಿರಬಹುದು, ರೋಗಿಯನ್ನು ಕೇಳಿ ತೀರ್ಮಾನಿಸಬೇಕು, ಸೆಪ್ಟೆಂಬರಿನೊಳಗೆ.

ಹತ್ತೇ ನಿಮಿಷದಲ್ಲಿ ತಮ್ಮನ ಫೋನು.

"ವಿನೋದಕ್ಕ, ಅವಳಿಗೆ ಹೇಳ್ಬೇಡಿ ಆಯ್ತಾ. ಕಮ್ಮಿ ಆಗ್ತಾ ಉಂಟು ಅಂತ ಹೇಳಿದ್ದೇವೆ."

"ಆ ಎರಡನೇ ಮದ್ದು?"

"ಅವಳಿಗೆ ತಡೀಲಿಕ್ಕಿಲ್ಲ. ಬೇಡ ಅಂತ ನಾವೇ ಮಾಡಿದ್ದೇವೆ. ಇರುವಷ್ಟು ದಿನ ಖುಷಿಯಲ್ಲಿರ್ಲಿ." ಆಮೇಲೆ ಅವನು ಅತ್ತ. ಒಳ್ಳೆಯ ಹುಡುಗ, ಅವನನ್ನು ಹೇಗೆ ಬೈಯುವುದು. ಆಯ್ತು ಎಂದೆ.

ಆಯ್ತು ಎಂದೆ. ಎಷ್ಟು ಸುಲಭವಾಗಿ ಬಂತು ಬಾಯಿಗೆ.

ಜುಲೈ 26, ಶನಿವಾರ

ಬಲಾಬಲ ಬರೆದು ಕಳಿಸಿದೆ. ಹೇಝಲ್‌ಳ ತಂಡ ನಿಜವಾಗಿ ಐದನೆಯದು. ಮೂರನೆಯದು ಎಂದು ಬರೆದೆ.

ಆಗಸ್ಟ್ 9, ಶನಿವಾರ

ಮುಂದಿನ ವಾರ ನನ್ನ ತಂಡಕ್ಕೆ ಹೇಝಲ್‌ಳ ತಂಡ ಎದುರು. ನಾನು ಹೇಗೋ ಎರಡನೆಯ ಸ್ಥಾನದಲ್ಲಿದ್ದೇನೆ, ನನ್ನ ಜಾಗ ಗಟ್ಟಿ. ಅವಳು ಗೆದ್ದರೆ ಕೊನೆಯ ನಾಲ್ವರಲ್ಲಿ ಸೇರುತ್ತಾಳೆ, ಸೋತರೆ ಈ ವರ್ಷ ಮುಗಿಯಿತು. ಆ ವಾರ ಅವಳಿಗೆ ಮದ್ದಿಲ್ಲ, ಅವಳೇ ಆಡುತ್ತಾಳೆ.

ಹತ್ತು ಸಾಲು ಹಾಕಿ ಪ್ರಾಮಾಣಿಕವಾಗಿ ಹೋಲಿಸಿದೆ. ಹೋಮ್ ರನ್ ಅವಳದು, ಬೊಳ್ಳೆ ಇದ್ದಾನೆ. ಎಸೆಯುವವನ ಕಣ್ಣು ತಪ್ಪಿಸಿ ಬೇಸ್ ಕದ್ದು ಓಡುವುದು ನನ್ನದು. ಬ್ಯಾಟಿನ ಉಳಿದ ಮೂರರಲ್ಲಿ ಎರಡು ಅವಳದು. ಎಸೆತದ ಐದರಲ್ಲಿ ನಾಲ್ಕು ನನ್ನವು, ಕೆಮ್ಮೈರೆ ಒಬ್ಬನಿಂದಲೇ. ಒಟ್ಟು ನನಗೆ ಆರು, ಅವಳಿಗೆ ನಾಲ್ಕು. ಕೆಮ್ಮೈರೆ ಎಸೆಯುವುದು ಭಾನುವಾರ. ಅವನಿಲ್ಲದಿದ್ದರೆ ತಕ್ಕಡಿ ಆ ಕಡೆ.

ಅವಳಿಗೆ ಕಳಿಸುವಾಗ "ಸಮಬಲ" ಎಂದು ಬರೆದೆ.

ಆಗಸ್ಟ್ 17, ಭಾನುವಾರ

ಕೆಮ್ಮೈರೆಯನ್ನು ಬೆಂಚಿನಲ್ಲಿ ಕೂರಿಸಿದೆ. ಒಂದು ಬೆರಳು ಒತ್ತುವ ಕೆಲಸ. ಕೇಳಿದರೆ ಮರೆತೆ ಎನ್ನುವುದು, ಭಾನುವಾರ ನಮಗೆ ಹೊಸ ವಾರವಲ್ಲವೇ. ಪುಣ್ಯದ ಕೆಲಸ ಮಾಡಿದವಳ ಹಾಗೆ ಆಫೀಸಿನಲ್ಲಿ ಎಲ್ಲರಿಗೂ ಖರ್ಜೂರ ಹಂಚಿದೆ. "ಎಂತ ವಿಶೇಷ?" ಎಂದು ಉಮರಬ್ಬ ಎರಡು ಸಲ ಕೇಳಿದ.

ಆಗಸ್ಟ್ 18, ಸೋಮವಾರ

ಅವಳು ಆರು, ನಾನು ನಾಲ್ಕು. ಬೆಳಿಗ್ಗೆ ಕಡಲ ಬದಿಯಲ್ಲಿದ್ದಾಗಲೇ ಫೋನು.

"ಕೆಮ್ಮೈರೆಯನ್ನು ಯಾಕೆ ಕೂರಿಸಿದ್ದು?"

"ಅಯ್ಯೋ, ಭಾನುವಾರ ಅಲ್ವಾ ಹೇಝಲ್, ಹೊಸ ವಾರ ಅಂತ ಗ್ರಹಿಸಿ..."

"ಅದು ಏಪ್ರಿಲ್‌ನ ತಪ್ಪು. ಆಮೇಲೆ ಹದಿನಾರು ಭಾನುವಾರ ಬಂದು ಹೋಯ್ತು. ಒಂದರಲ್ಲೂ ನೀನು ತಪ್ಪಲಿಲ್ಲ."

ನಾನು ಕಾಲಿನಿಂದ ಮರಳು ಕೆದಕಿದೆ.

"ಇಲ್ಲಿ ಅಡುಗೆಮನೆಯಲ್ಲಿ ಪಿಸಿಪಿಸಿ ಮಾತಾಡ್ತಾರೆ, ನಾನು ಹೋದ ಕೂಡಲೇ ಮೀನಿನ ಸುದ್ದಿ ತೆಗೀತಾರೆ. ಡಾಕ್ಟರ್ ನನ್ನ ಮುಖ ನೋಡುದಿಲ್ಲ, ತಮ್ಮನ ಮುಖ ನೋಡಿ ಮಾತಾಡುದು. ನಿನ್ನ ಬಲಾಬಲ ಒಂದು ಇತ್ತು, ಅದರಲ್ಲಿ ನನ್ನ ಟೀಮ್ ಸೋಲ್ತದೆ ಅಂತ ಬರೀತಿದ್ದಿ. ಎಷ್ಟು ಸಮಾಧಾನ ಆಗ್ತಿತ್ತು ಗೊತ್ತುಂಟಾ? ಈಗ ಮೂರು ವಾರದಿಂದ ಅದನ್ನೂ ಚಂದ ಮಾಡಿದ್ದಿ." ಉಸಿರು ತೆಗೆದುಕೊಂಡಳು. "ಬೇಕಂತಲೇ ಸೋತು ನನ್ನನ್ನು ಗೆಲ್ಲಿಸುವಷ್ಟು, ನನಗೆ ಎಂತ ಆಗಿದೆ ವಿನೋದಾ?"

ನಾಲಿಗೆಯ ತುದಿಗೆ ಏನು ಬಂತು ಗೊತ್ತೇ? ಗ್ಯಾಸ್ಟ್ರಿಕ್. ನಿಜವಾಗಿ ಆ ಶಬ್ದವೇ ಬಂತು. ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಫೋನು ಇಟ್ಟೆ. ಥೂ ನನ್ನ ಜನ್ಮಕ್ಕೆ.

ಆಗಸ್ಟ್ 20, ಬುಧವಾರ

ಅವಳು ಫೋನು ಎತ್ತುತ್ತಿಲ್ಲ.

ಆಗಸ್ಟ್ 21, ಗುರುವಾರ

ಲೀಗಿನ ಗುಂಪಿಗೆ ಬರೆದುಬಿಟ್ಟೆ: ಹೋದ ವಾರ ನಾನು ಮರೆತದ್ದಲ್ಲ, ಬೇಕೆಂದೇ ಸೋತದ್ದು, ಆ ಗೆಲುವನ್ನು ತೆಗೆದುಹಾಕಿ. ಆಫೀಸು ಪೂರ್ತಿ ನನ್ನನ್ನು ಕಳ್ಳಿಯ ಹಾಗೆ ನೋಡಿತು. ಉಮರಬ್ಬ ಮಾತ್ರ ಚಹಾ ತಂದಿಟ್ಟು, "ಅಲ್ಲ ವಿನೋದಕ್ಕ, ಏಪ್ರಿಲ್‌ನಲ್ಲಿ ನನ್ನ ಹತ್ರ ಸೋತದ್ದು ನಿಜದ್ದಲ್ವಾ?" ಎಂದ. ನಿಜದ್ದೇ ಎಂದೆ. "ಹಾಗಾದ್ರೆ ಖಲಾಸ್, ನನಗೆ ಯಾವ ತಕರಾರೂ ಇಲ್ಲ," ಎಂದು ಹೋದ.

ಅವಳ ತಮ್ಮನಿಗೂ ಫೋನು ಮಾಡಿದೆ. ನಾಳೆ ಹೇಳುತ್ತೇನೆ, ನೀನು ಸಿಟ್ಟು ಮಾಡಿಕೊಂಡರೆ ಮಾಡಿಕೋ ಎಂದೆ. ಬೇಡ ಬೇಡ ಎಂದ ಅವನು. ಕೊನೆಗೆ, "ನನ್ನಿಂದ ಆಗ್ಲಿಲ್ಲ ಅಕ್ಕ," ಎಂದ.

ಆಗಸ್ಟ್ 22, ಶುಕ್ರವಾರ

ಹೇಳಿದೆ.

ಬೆಳಿಗ್ಗೆ ಆರಕ್ಕೆ, ಅಲ್ಲಿ ಏಳೂವರೆ, ಎತ್ತಿದಳು. ಲೀಗಿನ ಗುಂಪಿನಲ್ಲಿ ಬರೆದದ್ದನ್ನು ಓದಿದ್ದಳು. "ಸರಿ, ಇನ್ನೊಂದು?" ಎಂದಳು.

"ರಿಪೋರ್ಟ್ ನನ್ನ ಹತ್ರ ಉಂಟು ಹೇಝಲ್. ಜುಲೈನಿಂದ."

"ಓದು. ನಮ್ಮ ಬಲಾಬಲದ ಹಾಗೇ ಓದು. ಯಾವುದು ನನ್ನ ಕಡೆ, ಯಾವುದು ಆ ಕಡೆ."

ಓದಿದೆ. ಕ್ಯಾನ್ಸರ್ ಪಿತ್ತಕೋಶಕ್ಕೂ ಬಂದಿದೆ ಎಂದೆ, ಆ ಕಡೆ. ಹೊಸದಾಗಿ ಕಂಡ ಎರಡು, ಆ ಕಡೆ. ಮೂರು ತಿಂಗಳ ಮದ್ದು ಕೆಲಸ ಮಾಡಲಿಲ್ಲ, ಆ ಕಡೆ. ರಕ್ತ ಚೆನ್ನಾಗಿದೆ, ನಿನ್ನ ಕಡೆ. ಕಿಡ್ನಿ, ಹೃದಯ ನಿನ್ನ ಕಡೆ. ಎರಡನೆಯ ಮದ್ದು ಯಾವ ಕಡೆಯೂ ಅಲ್ಲ, ಅದನ್ನು ಆಡಿಸಬೇಕೋ ಬೇಡವೋ ಹೇಳಬೇಕಾದವಳು ನೀನು. ಅವಳು ಅಳಲಿಲ್ಲ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು.

"ಸೋಲುವ ಟೀಮು ಅಲ್ವಾ?" ಎಂದಳು.

"ಈಗ ಕಾಣುವುದು ಹಾಗೆಯೇ."

"ಹ್ಞಾಂ." ಮತ್ತೆ, "ಹೆದರಿಕೆ ಆಗ್ತದೆ ಮಾರಾಯ್ತಿ."

"ನನಗೂ."

ಅರ್ಧ ಗಂಟೆ ಫೋನು ಹಾಗೇ ಇತ್ತು. ಕಡಲಿನ ಮಬ್ಬಿನಲ್ಲಿ ಒಂದು ಹಡಗು ನಿಂತಿತ್ತು, ಅದನ್ನು ಅವಳಿಗೆ ಹೇಳಿದೆ. ಯಾವ ಬಣ್ಣ ಎಂದು ಕೇಳಿದಳು. ತುಕ್ಕು ಬಣ್ಣ ಎಂದೆ. ಬಿಳಿ ಬಟ್ಟೆಯವರು ಬಂದಿದ್ದಾರಾ ಎಂದು ಕೇಳಿದಳು. ಅವರ ಸುದ್ದಿ ಯಾವಾಗ ಹೇಳಿದ್ದೆನೋ, ನನಗೇ ನೆನಪಿಲ್ಲ. ಇದ್ದಾರೆ ಎಂದೆ.

ಸೆಪ್ಟೆಂಬರ್ 29, ಸೋಮವಾರ

ಲೀಗ್ ಮುಗಿಯಿತು. ನಾನು ಮೂರನೆಯವಳು, ಹೇಝಲ್ ಆರನೆಯವಳು. ಆ ಗೆಲುವನ್ನು ತೆಗೆದ ಮೇಲೆ ಅವಳು ಕೊನೆಯ ನಾಲ್ವರಲ್ಲಿ ಇರಲಿಲ್ಲ. ಯಾರೂ ಅವಳಿಗೆ ಪಾಪ ಎನ್ನಲಿಲ್ಲ, ನಾನು ಬಿಡಲಿಲ್ಲ.

ಎರಡನೆಯ ಮದ್ದಿನ ಮೊದಲ ಸುತ್ತು ಆಯಿತು. "ಮೂರು ಸುತ್ತು ನೋಡ್ತೇನೆ, ಆಗದಿದ್ರೆ ನಾನೇ ನಿಲ್ಲಿಸ್ತೇನೆ," ಎಂದು ಡಾಕ್ಟರಿಗೆ ಅವಳೇ ಹೇಳಿದ್ದಾಳೆ. ವಾಂತಿ, ಬಾಯಿಹುಣ್ಣು, ಕೂದಲು ಹೋಯಿತು. ಎಲ್ಲ ನನಗೆ ಹೇಳುತ್ತಾಳೆ, ನಾನು ಕೇಳುತ್ತೇನೆ. ಇವರು, "ದಿನಾ ಇದನ್ನೆಲ್ಲ ಕೇಳಿ ನಿನಗೆ ಬೇಜಾರಾಗುದಿಲ್ವಾ?" ಎಂದರು. ಆಗುತ್ತದೆ ಎಂದೆ. ನವೆಂಬರಿಗೆ ಮಂಗಳೂರಿಗೆ ಟಿಕೆಟ್ ತೆಗೆದಿದ್ದೇನೆ.

ಫೈಲುಗಳನ್ನು ತೆಗೆದು ಅವಳ ಕುರ್ಚಿ ಒರೆಸಿದೆ. ಕಪಾಟು ತುಂಬಿತ್ತು, ಅವನ್ನು ಇಡಲು ಜಾಗ ಹುಡುಕುವುದೇ ಕಷ್ಟವಾಯಿತು.

ಅಕ್ಟೋಬರ್ 10, ಶುಕ್ರವಾರ

ಲೀಗಿನಲ್ಲೊಂದು ನಿಯಮವಿದೆ: ಇದ್ದ ತಂಡದಲ್ಲಿ ಒಬ್ಬನನ್ನು ಮಾತ್ರ ಮುಂದಕ್ಕೆ ಉಳಿಸಿಕೊಳ್ಳಬಹುದು, ಉಳಿದವರನ್ನೆಲ್ಲ ಬಿಡಬೇಕು. ನಾನು ಕೆಮ್ಮೈರೆಯನ್ನು ಉಳಿಸಿಕೊಂಡೆ. ಇವತ್ತು ಕೊನೆಯ ದಿನ. ಹೇಝಲ್ ಬೊಳ್ಳೆಯನ್ನೇ ಇಟ್ಟುಕೊಳ್ಳುತ್ತಾಳೆ ಎಂದು ನಾನು ಬರೆದೇ ಇಟ್ಟಿದ್ದೆ.

"ಬೊಳ್ಳೆ ಬೇಡ," ಎಂದಳು. ಸ್ವರ ಸಣ್ಣದಾಗಿದೆ. "ಆ ಹುಡುಗನನ್ನು ಇಟ್ಟುಕೊಳ್ತೇನೆ. ಮೊಣಕೈ ಆಪರೇಷನ್ ಆದವನು."

ಇಪ್ಪತ್ತೊಂದು ವರ್ಷದ ಪಿಚರ್. ಹೋದ ತಿಂಗಳು ಕೈ ಕೊಯ್ದಿದ್ದಾರೆ. ಮುಂದಿನ ವರ್ಷ ಪೂರ್ತಿ ಒಂದು ಚೆಂಡೂ ಎಸೆಯುವುದಿಲ್ಲ. ಎಸೆದರೆ ಅದರ ಮುಂದಿನ ವರ್ಷ.

"ಮಂಡೆ ಸರಿ ಉಂಟಾ ನಿಂಗೆ? ಅವನಿಂದ ಒಂದು ವರ್ಷ ನಯಾಪೈಸೆಯ ಉಪಯೋಗ ಇಲ್ಲ. ಬೊಳ್ಳೆ ಮೂವತ್ತೆಂಟು ಹೋಮ್ ರನ್ ಹೊಡೆದವನು."

"ಗೊತ್ತುಂಟು."

"ಇವನ ಕೈ ಸರಿಯಾಗ್ತದೆ ಅಂತಲೂ ಗ್ಯಾರಂಟಿ ಇಲ್ಲ."

"ಅದೂ ಗೊತ್ತುಂಟು. ನೀನು ಬಲಾಬಲ ಬರಿ, ನೋಡುವ."

ಬರೆದೆ. ಒಬ್ಬೊಬ್ಬರು ಉಳಿಸಿಕೊಂಡವನನ್ನು ಹಿಡಿದು ಎಂಟೂ ತಂಡಗಳನ್ನು ಹೋಲಿಸಿದೆ. ಹೇಝಲ್‌ಳ ತಂಡ ಎಂಟನೆಯದು, ಉಮರಬ್ಬನಿಗಿಂತಲೂ ಕೆಳಗೆ. ಆಯ್ಕೆ ಶುದ್ಧ ಮೂರ್ಖತನದ್ದು ಎಂದು ಬರೆದು ಅವಳಿಗೆ ಓದಿ ಹೇಳಿದೆ. ನಕ್ಕಳು. ಏಪ್ರಿಲ್‌ನಲ್ಲಿ ನಕ್ಕ ಹಾಗೆಯೇ, ಕೆಮ್ಮು ಬರುವಷ್ಟು.

"ಕರೆಕ್ಟ್ ಉಂಟು. ಒಂದಕ್ಷರ ಬದಲಿಸಬೇಡ, ಎಲ್ಲರಿಗೂ ಹಾಗೇ ಕಳಿಸು."

ಕಳಿಸಿದೆ. ಆಮೇಲೆ ಅವಳ ಪರವಾಗಿ ಲೀಗಿನ ಪಟ್ಟಿ ತೆರೆದು ಆ ಹುಡುಗನ ಹೆಸರು ಹಾಕಿದೆ. ಪಕ್ಕದಲ್ಲಿ, ಯಾವ ವರ್ಷದಿಂದ ಆಡುತ್ತಾನೆ ಎಂದು ತುಂಬುವ ಜಾಗವಿತ್ತು. 2027 ಎಂದು ಬರೆದೆ.